ಡಯಾನಾ ಕ್ರಾಲ್: ತನಗೆ ತಾನೇ ಪಕ್ಕವಾದ್ಯ

ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕೆ ಕೂತಾಗ ಆ್ಯಪ್‌ನಲ್ಲಿ ಸುಮ್ಮನೆ ‘ಜಾಝ್’ ಅಂತ ಹುಡುಕಿ ನೋಡಿ. ಹತ್ತಿಪ್ಪತ್ತು ಹಾಡು ಕಳೆಯುವಷ್ಟರಲ್ಲಿ, ಮಂದ್ರದಲ್ಲೇ ಓಡಾಡುವ, ತುಸು ಹೊಗೆ ಹಿಡಿದಂಥ ಹೆಣ್ಣುದನಿಯೊಂದು ಕಿವಿಗೆ ಬೀಳುವ ಸಾಧ್ಯತೆ ಜಾಸ್ತಿ. ಅವಸರವಿಲ್ಲ, ಅಬ್ಬರವಿಲ್ಲ. ಜೊತೆಗೊಂದು ಪಿಯಾನೋ, ಅದರ ಹಿಂದೆ ಮೆತ್ತಗೆ ಹಾಸಿದ ತಂತಿವಾದ್ಯಗಳು. ಅದು ಕೆನಡಾದ ಡಯಾನಾ ಕ್ರಾಲ್.

ಜಾಝ್ ಕಲಾವಿದರಿಗೆ ಸಾಮಾನ್ಯವಾಗಿ ಸಿಗದ ಎರಡು ಸಂಗತಿ ಈ ಗಾಯಕಿ-ಪಿಯಾನಿಸ್ಟ್‌ಗೆ ಸಿಕ್ಕಿವೆ: ದೊಡ್ಡ ಮಾರಾಟ ಮತ್ತು ಜಾಝ್ ಕೇಳದವರ ಪ್ರೀತಿ. ಆದರೆ ಜಾಝ್‌ನ ಕಟ್ಟಾ ಅಭಿಮಾನಿಗಳು ನಾಲ್ಕು ಜನ ಸೇರಿದ ಕಡೆ ಅವರ ಹೆಸರೆತ್ತಿ ನೋಡಿ, ಜಗಳ ಗ್ಯಾರಂಟಿ. ‘ಇದು ಜಾಝೇ ಅಲ್ಲ, ಕಾಫಿ ಕುಡಿಯುವಾಗ ಹಿಂದೆ ಕೇಳಿಸೋ ಸದ್ದು’ ಅನ್ನೋರು ಒಂದು ಕಡೆ. ‘ಜನ ಇಷ್ಟಪಟ್ಟರು ಅನ್ನೋದೇ ನಿಮ್ಮ ಹೊಟ್ಟೆಯುರಿ’ ಅನ್ನೋರು ಇನ್ನೊಂದು ಕಡೆ.

ಈ ಜಗಳದಲ್ಲಿ ಎರಡೂ ಪಕ್ಷದವರು ಹೆಚ್ಚಾಗಿ ಮಾತಾಡೋದು ಅವರ ದನಿಯ ಬಗ್ಗೆ, ಆಲ್ಬಮ್ ಮುಖಪುಟದ ಬಗ್ಗೆ, ಮಾರಾಟದ ಬಗ್ಗೆ. ಅವರ ಕೈಗಳ ಬಗ್ಗೆ ಮಾತು ಬರುವುದೇ ಕಡಿಮೆ. ಉತ್ತರ ಇರುವುದು ಮಾತ್ರ ಅಲ್ಲೇ.

ಹಾಡಿಗಿಂತ ಮೊದಲು ಪಿಯಾನೋ

ಕ್ರಾಲ್ ಹುಟ್ಟಿದ್ದು 1964ರಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪದ ನನೈಮೋ ಎಂಬ ಊರಿನಲ್ಲಿ. ಅಪ್ಪ ಲೆಕ್ಕಪತ್ರದ ಕೆಲಸದವರು, ಆದರೆ ಮನೆಯಲ್ಲಿ ಪಿಯಾನೋ ನುಡಿಸುತ್ತಿದ್ದರು, ಹಳೆಯ ರೆಕಾರ್ಡುಗಳನ್ನು ರಾಶಿ ಹಾಕಿಕೊಂಡಿದ್ದರು. ಮಗಳು ನಾಲ್ಕನೇ ವಯಸ್ಸಿಗೇ ಪಿಯಾನೋ ಮುಂದೆ ಕೂತಳು. ಹದಿಹರೆಯದಲ್ಲಿ ಊರಿನ ರೆಸ್ಟೋರೆಂಟ್‌ಗಳಲ್ಲಿ ನುಡಿಸಿ ಸಂಪಾದಿಸಿದ್ದೂ ಆಯ್ತು. ಆಮೇಲೆ ವಿದ್ಯಾರ್ಥಿವೇತನ ಪಡೆದು ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜು.

ಅಲ್ಲಿಂದ ಲಾಸ್ ಏಂಜಲೀಸ್‌ಗೆ ಹೋಗಿ ಜಿಮ್ಮಿ ರೋಲ್ಸ್ ಹತ್ತಿರ ಕಲಿತರು. ಈ ರೋಲ್ಸ್ ಯಾರು ಅನ್ನೋದು ನಮ್ಮ ವಾದಕ್ಕೆ ಮುಖ್ಯ. ಬಿಲ್ಲಿ ಹಾಲಿಡೇ, ಪೆಗ್ಗಿ ಲೀ ಥರದ ಗಾಯಕಿಯರಿಗೆ ಪಿಯಾನೋ ಸಾಥ್ ಕೊಟ್ಟವರು ಅವರು. ಮೆರೆಯುವ ಪಿಯಾನಿಸ್ಟ್ ಅಲ್ಲ, ಹಾಡುವವರನ್ನು ಮೆರೆಸುವ ಪಿಯಾನಿಸ್ಟ್. ಹಾಡು ಅಂತ ಕ್ರಾಲ್‌ಗೆ ಒತ್ತಾಸೆ ಕೊಟ್ಟವರೂ ಅವರೇ. ಬಾಸ್ ವಾದ್ಯದ ದಿಗ್ಗಜ ರೇ ಬ್ರೌನ್ ಕೂಡ ಆರಂಭದಲ್ಲೇ ಈ ಹುಡುಗಿಯ ಬೆನ್ನಿಗೆ ನಿಂತರು.

ಅಂದರೆ ಇದು ಚೆಂದದ ದನಿಯಿರುವ ಗಾಯಕಿಯೊಬ್ಬರು ಸ್ಟೈಲಿಗಾಗಿ ಪಿಯಾನೋ ಮುಂದೆ ಕೂತ ಕಥೆ ಅಲ್ಲ. ಪಕ್ಕವಾದ್ಯದ ಗುಟ್ಟು ಕಲಿತ ಪಿಯಾನಿಸ್ಟ್ ಒಬ್ಬರು ಆಮೇಲೆ ಬಾಯಿ ತೆರೆದ ಕಥೆ. ಕ್ರಮ ತಿರುವುಮುರುವು ಮಾಡಿ ನೋಡಿದರೆ ಕಲಾವಿದೆಯೇ ತಪ್ಪಾಗಿ ಕಾಣುತ್ತಾರೆ.

ಆಪಾದನೆಗಳಲ್ಲಿ ಹುರುಳಿದೆಯೇ?

ವಿರೋಧಿಗಳ ಮಾತನ್ನು ಪೂರ್ತಿ ಕೇಳೋಣ. ಅದರಲ್ಲಿ ಮೂರು ಎಳೆ ಇವೆ.

ಒಂದು, ಹೊಸತು ಏನಿಲ್ಲ. ಕ್ರಾಲ್ ಹಾಡಿರುವುದರಲ್ಲಿ ಬಹುಪಾಲು ‘ಸ್ಟ್ಯಾಂಡರ್ಡ್ಸ್’. ಅಂದರೆ ಕಳೆದ ಶತಮಾನದ ಮೊದಲರ್ಧದಲ್ಲಿ ಬ್ರಾಡ್‌ವೇ ನಾಟಕಗಳಿಗೆ, ಹಾಲಿವುಡ್ ಸಿನಿಮಾಗಳಿಗೆ ಬರೆದ, ಆಮೇಲೆ ನೂರಾರು ಜನ ಹಾಡಿದ ಹಾಡುಗಳು. ಪ್ರತಿ ತಲೆಮಾರಿನಲ್ಲೂ ಹಳೆಯದನ್ನು ಒಡೆದು ಕಟ್ಟಿದ ಸಂಗೀತ ಜಾಝ್. ಅಲ್ಲಿ ಬರೀ ಕಾಪಾಡುವವರಿಗೆ ಎಷ್ಟು ಮಾರ್ಕ್ಸ್ ಕೊಡೋದು?

ಎರಡು, ಭಾವದ ಹರವು ಕಡಿಮೆ. ದನಿ ಯಾವಾಗಲೂ ಪಿಸುಮಾತಿನ ಅಂಚಿನಲ್ಲೇ ಇರುತ್ತದೆ. ವಿರಹಕ್ಕೂ ಅದೇ, ಸರಸಕ್ಕೂ ಅದೇ. ಬಿಲ್ಲಿ ಹಾಲಿಡೇ ಹಾಡಿದರೆ ಎದೆ ಚುರ್ ಅನ್ನುತ್ತೆ. ಇಲ್ಲಿ ಎಲ್ಲವೂ ಇಸ್ತ್ರಿ ಮಾಡಿದ ಹಾಗೆ.

ಮೂರು, ಪ್ಯಾಕೇಜಿಂಗ್. 1990ರ ದಶಕದ ಕೊನೆಯಿಂದ ಆಲ್ಬಮ್ ಮುಖಪುಟಗಳಲ್ಲಿ ಪಿಯಾನೋ ಹಿಂದೆ ಸರಿಯಿತು, ಹೊಂಬಣ್ಣದ ಕೂದಲು ಮತ್ತು ಗೌನು ಮುಂದೆ ಬಂದವು. ಜಾಝ್ ಕಟ್ಟಿದ್ದು ಆಫ್ರಿಕನ್-ಅಮೆರಿಕನ್ನರು. ದುಡ್ಡು, ಹೆಸರು ಹರಿದದ್ದು ಎಷ್ಟೋ ಸಲ ಬಿಳಿಯರ ಕಡೆಗೆ. ಈ ಇತಿಹಾಸ ಗೊತ್ತಿದ್ದವರಿಗೆ ಆ ಮುಖಪುಟಗಳು ಕಸಿವಿಸಿ ಉಂಟುಮಾಡಿದರೆ ಅದು ಬರೀ ಹೊಟ್ಟೆಕಿಚ್ಚಲ್ಲ.

ಮೂರನೆಯದರಲ್ಲಿ ಒಂದು ಮಾತು ಸೇರಿಸಬೇಕು. ಮುಖಪುಟ ನೋಡಿ ಸಂಗೀತವನ್ನು ಹಗುರವೆಂದು ತೀರ್ಮಾನಿಸುವ ರೋಗ ಹೆಂಗಸರ ವಿಷಯದಲ್ಲೇ ಜಾಸ್ತಿ. ಫ್ರ್ಯಾಂಕ್ ಸಿನಾಟ್ರಾ ಟೋಪಿ ವಾಲಿಸಿ ನಿಂತ ಫೋಟೋ ನೋಡಿ ‘ಇವನಿಗೆ ಲಯಜ್ಞಾನ ಇಲ್ಲ’ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಮುಖಪುಟ ಪಕ್ಕಕ್ಕಿಡೋಣ. ಮೊದಲೆರಡು ಪ್ರಶ್ನೆಗಳಿಗೆ ಕಿವಿಯಿಂದಲೇ ಉತ್ತರ ಹುಡುಕೋಣ.

ಎಡಗೈ ಏನು ಮಾಡುತ್ತಿದೆ?

1996ರ ‘ಆಲ್ ಫಾರ್ ಯೂ’ ಆಲ್ಬಮ್ ತೆಗೆದುಕೊಳ್ಳಿ. ಇದು ನ್ಯಾಟ್ ಕಿಂಗ್ ಕೋಲ್ ತ್ರಿವಳಿಗೆ ಅರ್ಪಿಸಿದ್ದು. ಕೋಲ್ ಅವರ ಹಾಗೆಯೇ ಇಲ್ಲೂ ಪಿಯಾನೋ, ಗಿಟಾರ್, ಬಾಸ್ ಇವು ಮೂರೇ ಆಧಾರ. ಡ್ರಮ್ಸ್ ಇಲ್ಲ. ಡ್ರಮ್ಸ್ ಇಲ್ಲದ ಮೇಲೆ ಲಯವನ್ನು ಹೊರುವ ಕೆಲಸ ಈ ಮೂವರ ಹೆಗಲಿಗೇ ಬೀಳುತ್ತದೆ. ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ.

ಅದರಲ್ಲಿ ‘ಫ್ರಿಮ್ ಫ್ರ್ಯಾಮ್ ಸಾಸ್’ ಅಂತ ಒಂದು ತಮಾಷೆ ಹಾಡು. ಹೋಟೆಲಿಗೆ ಹೋಗಿ, ಲೋಕದಲ್ಲೇ ಇಲ್ಲದ ತಿನಿಸುಗಳ ಹೆಸರು ಹೇಳಿ ಆರ್ಡರ್ ಮಾಡುವ ಪ್ರಸಂಗ. ಮೊದಲ ಸಲ ದನಿಯನ್ನು ಕೇಳಿ. ಎರಡನೇ ಸಲ ದನಿ ಬಿಟ್ಟು ಪಿಯಾನೋ ಮಾತ್ರ ಹಿಂಬಾಲಿಸಿ. ಸಾಲು ಮುಗಿದು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಪಿಯಾನೋ ಒಂದು ಚುಟುಕು ಮಾತು ಹೇಳಿ ಸುಮ್ಮನಾಗುತ್ತದೆ. ದನಿ ತಾಳಕ್ಕಿಂತ ಒಂದು ಎಳೆ ಹಿಂದೆ ಬರುವಾಗ ಕೈ ತಾಳದ ಮೇಲೇ ನಿಂತಿರುತ್ತದೆ. ಆ ಸಣ್ಣ ಅಂತರದಲ್ಲೇ ಜಾಝ್‌ನವರು ‘ಸ್ವಿಂಗ್’ ಅಂತ ಕರೆಯುವ ತೂಗಾಟ ಹುಟ್ಟುತ್ತದೆ.

ಬೇರೆಯವರು ಸಾಥ್ ಕೊಟ್ಟಾಗ ಗಾಯಕಿ ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಎಳೆಯುತ್ತಾರೆ ಅಂತ ಅವರು ಊಹಿಸಬೇಕು. ಒಬ್ಬರೇ ಎರಡೂ ಮಾಡಿದಾಗ ಊಹೆ ಬೇಕಿಲ್ಲ. ಆದರೆ ಒಂದು ತಲೆಯಲ್ಲಿ ಎರಡು ಲಯ ಇಟ್ಟುಕೊಳ್ಳಬೇಕು: ಬಾಯಿ ಹಿಂದೆ, ಕೈ ನೇರ. ಇದು ಕಷ್ಟದ ಕೆಲಸ. ಮಾಡುವವರು ಸಲೀಸಾಗಿ ಮಾಡಿದಷ್ಟೂ ಕೇಳುವವರಿಗೆ ಇದರಲ್ಲೇನಿದೆ ಅನ್ನಿಸುತ್ತದೆ. ಕ್ರಾಲ್ ವಿಷಯದಲ್ಲಿ ಆಗಿದ್ದೂ ಅದೇ.

ಇನ್ನು ‘ಹೊಸತಿಲ್ಲ’ ಎಂಬ ಮಾತು. ಕೋಲ್ ಪೋರ್ಟರ್ ಬರೆದ ‘ಐ ಹ್ಯಾವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡನ್ನು ಸಿನಾಟ್ರಾ 1956ರಲ್ಲಿ ದೊಡ್ಡ ಬ್ಯಾಂಡ್ ಜೊತೆ ಹಾಡಿದ್ದಾರೆ. ಅದು ಮೆಲ್ಲಗೆ ಶುರುವಾಗಿ, ನಡುವಿನ ಟ್ರಾಂಬೋನ್ ಸೋಲೋ ಹೊತ್ತಿಗೆ ಸಿಡಿಯುತ್ತದೆ. 1999ರ ‘ವೆನ್ ಐ ಲುಕ್ ಇನ್ ಯುವರ್ ಐಸ್’ ಆಲ್ಬಮ್‌ನಲ್ಲಿ ಕ್ರಾಲ್ ಅದನ್ನು ನಿಧಾನದ ಬೋಸಾ ನೋವಾ ಲಯಕ್ಕೆ ಇಳಿಸಿದರು. ಸಿನಾಟ್ರಾ ಹಾಡಿನಲ್ಲಿ ಪ್ರೀತಿ ಗೆದ್ದು ಬೀಗುತ್ತದೆ. ಇಲ್ಲಿ ಅದೇ ಮಾತುಗಳು, ಬಿಡೋಕಾಗದ ಚಟವೊಂದನ್ನು ರಾತ್ರಿ ತನ್ನಷ್ಟಕ್ಕೆ ಒಪ್ಪಿಕೊಂಡ ಹಾಗೆ ಕೇಳಿಸುತ್ತವೆ. ಒಂದಕ್ಷರ ಬದಲಿಸದೆ ಹಾಡಿನ ಅರ್ಥ ತಿರುಗಿಸುವುದು ಬರೀ ಕಾಪಾಡುವವರ ಕೆಲಸವಲ್ಲ.

ನ್ಯಾಟ್ ಕಿಂಗ್ ಕೋಲ್ ಕಟ್ಟಿದ ಸುಂಕ

ಈ ಜಗಳ ಕ್ರಾಲ್‌ಗಿಂತ ಹಳೆಯದು. ಕೋಲ್ 1937ರಲ್ಲಿ ತಮ್ಮ ತ್ರಿವಳಿ ಕಟ್ಟಿದಾಗ ಜಾಝ್‌ನ ಮೊದಲ ಸಾಲಿನ ಪಿಯಾನಿಸ್ಟ್ ಆಗುವ ಎಲ್ಲ ಲಕ್ಷಣ ಇತ್ತು. ಆಸ್ಕರ್ ಪೀಟರ್ಸನ್, ಬಿಲ್ ಇವಾನ್ಸ್ ಥರದವರ ಮೇಲೂ ಅವರ ಪ್ರಭಾವ ಇದೆ. ಆದರೆ 1948ರ ‘ನೇಚರ್ ಬಾಯ್’, 1950ರ ‘ಮೋನಾ ಲೀಸಾ’ ಹಾಡುಗಳು ಮನೆಮನೆ ತಲುಪಿದವು. ಪಿಯಾನೋ ಮುಂದಿನಿಂದ ಎದ್ದು ಮೈಕ್ ಮುಂದೆ ನಿಂತರು, ಹಿಂದೆ ದೊಡ್ಡ ಆರ್ಕೆಸ್ಟ್ರಾ ಬಂತು. ಜಾಝ್‌ನವರು ‘ಮಾರಿಕೊಂಡ’ ಅಂದರು.

ಜನಪ್ರಿಯತೆ ಎಲ್ಲ ಬಾಗಿಲನ್ನೂ ತೆರೆಯಲಿಲ್ಲ ಅನ್ನೋದೂ ನಿಜ. 1956ರಲ್ಲಿ ಎನ್‌ಬಿಸಿಯಲ್ಲಿ ಅವರದೇ ಟಿವಿ ಕಾರ್ಯಕ್ರಮ ಶುರುವಾಯಿತು. ಕಪ್ಪು ಕಲಾವಿದನ ಕಾರ್ಯಕ್ರಮಕ್ಕೆ ದೇಶಮಟ್ಟದ ಪ್ರಾಯೋಜಕರು ಸಿಗದೆ ಮರುವರ್ಷವೇ ನಿಂತುಹೋಯಿತು. ಕೋಲ್ ತೀರಿಕೊಂಡಿದ್ದು 1965ರಲ್ಲಿ, ಬರೀ 45 ವರ್ಷಕ್ಕೆ. ಇವತ್ತು ಅವರ ತ್ರಿವಳಿಯ ರೆಕಾರ್ಡಿಂಗ್‌ಗಳನ್ನು ಜಾಝ್ ಅಲ್ಲ ಅನ್ನುವ ಧೈರ್ಯ ಯಾರಿಗೂ ಇಲ್ಲ.

ಕ್ರಾಲ್‌ಗೆ ಅಂಥ ಅಡ್ಡಗೋಡೆ ಇರಲಿಲ್ಲ. ಆದರೆ ಆರ್ಕೆಸ್ಟ್ರಾ ಬಂದಾಗ ಪಿಯಾನೋ ಹಿಂದೆ ಸರಿಯುವ ಅಪಾಯ ಇಬ್ಬರಿಗೂ ಒಂದೇ. 2001ರ ‘ದ ಲುಕ್ ಆಫ್ ಲವ್’ ಕೇಳಿ. ಕ್ಲಾಸ್ ಓಗರ್ಮನ್ ಹೆಣೆದ ತಂತಿವಾದ್ಯಗಳ ಹಾಸು ರೇಷ್ಮೆಯಂತಿದೆ ನಿಜ. ಆದರೆ ಆ ಹಾಸಿನ ಮೇಲೆ ದನಿ ಜಾರಿಕೊಂಡು ಹೋಗುತ್ತದೆ, ಪಿಯಾನೋ ಅತಿಥಿಯ ಹಾಗೆ ಬಂದು ಹೋಗುತ್ತದೆ. 2015ರ ‘ವಾಲ್‌ಫ್ಲವರ್’ನಲ್ಲಿ ಹಳೆಯ ಪಾಪ್ ಹಾಡುಗಳ ನಡುವೆ ಅದು ಇನ್ನೂ ದೂರ ಸರಿಯಿತು. ಹಿನ್ನೆಲೆಯ ಸದ್ದು ಎಂಬ ಆಪಾದನೆಗೆ ಸಾಕ್ಷಿ ಬೇಕೆಂದರೆ ಅದು ಇಲ್ಲಿದೆ. ಅಭಿಮಾನಿಗಳು ಇದನ್ನು ಒಪ್ಪಿಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ.

ಶರ್ಲಿ ಹಾರ್ನ್ ಎಂಬ ತಕ್ಕಡಿ

ಕಠಿಣವಾದ ಪರೀಕ್ಷೆ ಇನ್ನೊಂದಿದೆ. ವಾಷಿಂಗ್ಟನ್ನಿನ ಶರ್ಲಿ ಹಾರ್ನ್ ಕೂಡ ಹಾಡುತ್ತಲೇ ಪಿಯಾನೋ ನುಡಿಸಿದವರು. ಮೈಲ್ಸ್ ಡೇವಿಸ್ ಮೆಚ್ಚಿ ಬೆನ್ನುತಟ್ಟಿದವರು. ಅವರ 1992ರ ‘ಹಿಯರ್ಸ್ ಟು ಲೈಫ್’ ಆಲ್ಬಮ್‌ಗೆ ತಂತಿವಾದ್ಯ ಹೆಣೆದದ್ದು ಜಾನಿ ಮ್ಯಾಂಡೆಲ್. ಏಳು ವರ್ಷದ ನಂತರ ಕ್ರಾಲ್ ಅವರ ‘ವೆನ್ ಐ ಲುಕ್ ಇನ್ ಯುವರ್ ಐಸ್’ನ ಆರ್ಕೆಸ್ಟ್ರಾ ಕೂಡ ಮ್ಯಾಂಡೆಲ್ ಅವರದೇ. ಎರಡನೆಯದಕ್ಕೆ ಜಾಝ್ ಗಾಯನದ ಗ್ರ್ಯಾಮಿ ಬಂತು, ವರ್ಷದ ಆಲ್ಬಮ್ ಪಟ್ಟಿಯಲ್ಲೂ ನಾಮನಿರ್ದೇಶನ ಸಿಕ್ಕಿತು.

ಎರಡನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ಮುಚ್ಚಿಡೋಕಾಗಲ್ಲ. ಹಾರ್ನ್ ಒಂದು ಪದ ಹೇಳಿ ಎಷ್ಟು ಹೊತ್ತು ಕಾಯುತ್ತಾರೆಂದರೆ, ಮುಂದಿನ ಪದ ಬರುತ್ತೋ ಇಲ್ಲವೋ ಅಂತ ನಮಗೇ ಭಯವಾಗುತ್ತದೆ. ಆ ಮೌನದಲ್ಲಿ ಬದುಕಿನ ಭಾರ ಇದೆ. ಕ್ರಾಲ್ ಬಿಡುವ ಸಂದುಗಳಲ್ಲಿ ಅಚ್ಚುಕಟ್ಟುತನ ಇದೆ, ಅಪಾಯ ಕಡಿಮೆ. ಈ ತಕ್ಕಡಿಯಲ್ಲಿ ಹಾರ್ನ್ ಕಡೆಯೇ ತೂಕ ಜಾಸ್ತಿ. ಇಬ್ಬರನ್ನೂ ಪ್ರೀತಿಸುವವರೂ ಇದನ್ನು ಹೇಳಲೇಬೇಕು.

ಆದರೆ ಕ್ರಾಲ್ ಅಲ್ಲೇ ನಿಂತುಬಿಡಲಿಲ್ಲ. 2001ರ ಕೊನೆಯಲ್ಲಿ ಪ್ಯಾರಿಸ್‌ನ ಒಲಿಂಪಿಯಾ ರಂಗಮಂದಿರದಲ್ಲಿ ರೆಕಾರ್ಡ್ ಮಾಡಿದ ‘ಲೈವ್ ಇನ್ ಪ್ಯಾರಿಸ್’ನಲ್ಲಿ ಜೋನಿ ಮಿಚೆಲ್ ಅವರ ‘ಎ ಕೇಸ್ ಆಫ್ ಯೂ’ ಇದೆ. ಪಿಯಾನೋ, ದನಿ, ಅಷ್ಟೇ. ತಾಳ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದೆರಡು ಕಡೆ ದನಿ ಬಿರುಕು ಬಿಡುತ್ತದೇನೋ ಅನ್ನಿಸುವಾಗ ಕೈ ಬಂದು ಹಿಡಿದುಕೊಳ್ಳುತ್ತದೆ. ಇಸ್ತ್ರಿಯ ಗೆರೆ ಕೆದರಿಹೋಗುವುದು ಇಲ್ಲಿ.

2002ರಲ್ಲಿ ಅವರ ತಾಯಿ ತೀರಿಕೊಂಡರು. ಅದೇ ವರ್ಷ ಬೆನ್ನಿಗೆ ನಿಂತಿದ್ದ ರೇ ಬ್ರೌನ್ ಕೂಡ ಹೋದರು. 2004ರ ‘ದ ಗರ್ಲ್ ಇನ್ ದ ಅದರ್ ರೂಮ್’ನಲ್ಲಿ ಪತಿ ಎಲ್ವಿಸ್ ಕಾಸ್ಟೆಲ್ಲೋ ಜೊತೆ ಸೇರಿ ಮೊದಲ ಬಾರಿ ತಮ್ಮದೇ ಹಾಡುಗಳನ್ನು ಮುಂದಿಟ್ಟರು. ಅದರ ‘ಡಿಪಾರ್ಚರ್ ಬೇ’ ಹುಟ್ಟೂರಿನ ಕೊಲ್ಲಿಯ ಹೆಸರು ಹೊತ್ತ, ಅಮ್ಮನಿಲ್ಲದ ಮನೆಯ ಹಾಡು. ಹಳೆಯ ಹಾಡುಗಳನ್ನೇ ಬಯಸಿದ್ದ ಕೇಳುಗರಿಗೆ ಇದು ಅಷ್ಟು ಸಲೀಸಲ್ಲ. ಸುಲಭದ ದಾರಿ ಕಣ್ಣೆದುರೇ ಇದ್ದಾಗ ಅವರು ಆರಿಸಿಕೊಂಡದ್ದು ಇದನ್ನು.

ಹಾಗಾದರೆ ತೀರ್ಪು?

ಕ್ರಾಲ್ ಜಾಝ್‌ನ ದಿಕ್ಕು ಬದಲಿಸಿದವರಲ್ಲ. ದನಿಯ ಆಳದಲ್ಲಿ ಹಾಲಿಡೇ ಅಲ್ಲ, ಮೌನದ ಆಳದಲ್ಲಿ ಹಾರ್ನ್ ಅಲ್ಲ. ಆದರೆ ಹಾಡನ್ನೂ ಪಿಯಾನೋವನ್ನೂ ಒಂದೇ ಉಸಿರಿನಲ್ಲಿ ನಡೆಸುವ ಕಲೆಯಲ್ಲಿ, ಅವರ ತಲೆಮಾರಿನಲ್ಲಿ ಅವರ ಜೊತೆ ನಿಲ್ಲುವವರು ಕಡಿಮೆ. ಆ ಕಲೆ ಸಣ್ಣ ತಂಡದಲ್ಲಿ ಬೆಳಗುತ್ತದೆ, ದೊಡ್ಡ ಆರ್ಕೆಸ್ಟ್ರಾದಲ್ಲಿ ಮಂಕಾಗುತ್ತದೆ. ಅವರನ್ನು ಜನಪ್ರಿಯ ಮಾಡಿದ್ದು ಹೆಚ್ಚಾಗಿ ಆರ್ಕೆಸ್ಟ್ರಾ ಇರುವ ಹಾಡುಗಳು ಅನ್ನೋದೇ ಈ ಜಗಳದ ಮೂಲ. ಒಬ್ಬರು ಅವುಗಳನ್ನೇ ಹೊಗಳುತ್ತಾರೆ, ಇನ್ನೊಬ್ಬರು ಅವುಗಳನ್ನೇ ಬೈಯುತ್ತಾರೆ. ಇಬ್ಬರೂ ‘ಆಲ್ ಫಾರ್ ಯೂ’ ಹಾಕಿ ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಉಳಿದರ್ಧ ನಮ್ಮ ಕೈಲಿದೆ. ಯಾವ ಸಂಗೀತವಾದರೂ ಇಮೇಲ್ ಬರೆಯುತ್ತಾ ಕೇಳಿದರೆ ಹಿನ್ನೆಲೆಯ ಸದ್ದೇ. ಕೋಲ್ ಕೂಡ, ಹಾರ್ನ್ ಕೂಡ. ಹಾಗಾಗಿ ಇವತ್ತು ರಾತ್ರಿ ಫೋನ್ ಮಗುಚಿಟ್ಟು, ‘ಎ ಕೇಸ್ ಆಫ್ ಯೂ’ ಒಂದನ್ನೇ ಎರಡು ಸಲ ಕೇಳಿ. ಮೊದಲು ದನಿ, ಆಮೇಲೆ ಕೈ. ಆಮೇಲೂ ಇದು ಕಾಫಿ ಕುಡಿಯುವಾಗಿನ ಸದ್ದು ಅನ್ನಿಸಿದರೆ ಖಂಡಿತ ಹೇಳಿ, ವಾದ ಮುಂದುವರಿಸೋಣ.