ಸೊಪ್ಪೂ ಮದ್ದು, ಮಾತ್ರೆಯೂ ಮದ್ದು, ಎರಡೂ ಸೇರಿದರೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲೇ ಹೋಗಿ. ಐವತ್ತು ದಾಟಿದ ರೈತರ ಮನೆಯ ಗೋಡೆ ಗೂಡಿನಲ್ಲಿ ಎರಡು ಬಗೆಯ ಔಷಧಿ ಇರುತ್ತದೆ. ಒಂದು, ಆಸ್ಪತ್ರೆಯಿಂದ ತಂದ ಶುಗರ್, ಬಿಪಿ ಮಾತ್ರೆ. ಇನ್ನೊಂದು, ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟ ಯಾವುದೋ ಸೊಪ್ಪಿನ ಪುಡಿ. ಮೊದಲನೆಯದನ್ನು ಕೇಳಿದವರಿಗೆಲ್ಲ ಹೇಳುತ್ತಾರೆ. ಎರಡನೆಯದರ ಬಗ್ಗೆ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಕಾರಣ ಕೇಳಿದರೆ “ಬೈತಾರಣ್ಣ” ಅನ್ನುವವರು ಕೆಲವರು. “ಅದೇನು ಔಷಧೀನಾ, ಸೊಪ್ಪು ತಾನೆ” ಅನ್ನುವವರು ಹಲವರು.

ಯಡವಟ್ಟು ಇರುವುದು ಈ ಎರಡನೇ ಮಾತಿನಲ್ಲೇ. ಸೊಪ್ಪಿನಲ್ಲಿ ಗುಣ ಇಲ್ಲ ಅಂದರೆ ತಿನ್ನುವುದು ಯಾಕೆ? ಗುಣ ಇದೆ ಅಂದರೆ ಅದೂ ಔಷಧಿಯೇ. ಎರಡು ಔಷಧಿ ಒಂದೇ ಮೈಯಲ್ಲಿ ಸೇರಿದಾಗ ಒಂದು ಇನ್ನೊಂದರ ಕೆಲಸ ಹೆಚ್ಚಿಸಬಹುದು, ಕೆಡಿಸಲೂಬಹುದು. ಟೊಮೇಟೊಗೆ ಹೊಡೆಯಲು ಡ್ರಮ್ಮಿಗೆ ಎರಡು ಔಷಧಿ ಸುರಿಯುವ ಮೊದಲು “ಇದಕ್ಕೆ ಇದು ಸೇರುತ್ತಾ?” ಅಂತ ಅಂಗಡಿಯವರನ್ನು ಕೇಳುತ್ತೇವೆ. ಗಿಡದ ಎಲೆಗೆ ಇರುವ ಈ ಕಾಳಜಿ ನಮ್ಮ ಹೊಟ್ಟೆಗೆ ಇಲ್ಲ.

ಪೊಡಪತ್ರಿಯ ಲೆಕ್ಕ

ನಮ್ಮ ಕಡೆ ಅತಿ ಹೆಚ್ಚು ನಡೆಯುವ ಜೋಡಿ ಮಧುನಾಶಿನಿ ಮತ್ತು ಶುಗರ್ ಮಾತ್ರೆ. ತೆಲುಗು ಮಾತಾಡುವ ಮನೆಗಳಲ್ಲಿ ಇದೇ ಪೊಡಪತ್ರಿ. ಎರಡು ಎಲೆ ಅಗಿದು ಮೇಲೆ ಸಕ್ಕರೆ ಹಾಕಿಕೊಳ್ಳಿ, ಮರಳು ತಿಂದ ಹಾಗಿರುತ್ತದೆ. ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ಈ ಆಟ ನೋಡಿದ ಮೇಲೆ ಎಲೆಯ ಮೇಲೆ ನಂಬಿಕೆ ಬರುವುದು ಸಹಜ. ರಕ್ತದ ಸಕ್ಕರೆಯನ್ನು ಇಳಿಸುವ ಗುಣವೂ ಅದಕ್ಕೆ ಇದೆ. ಹಾಗಲಕಾಯಿ ರಸಕ್ಕೂ ಇದೆ. ತೊಂದರೆ ಏನೆಂದರೆ, ಮಾತ್ರೆಯೂ ಅದೇ ಕೆಲಸ ಮಾಡುತ್ತಿರುತ್ತದೆ.

ಇಲ್ಲಿ ಮಾತ್ರೆ ಯಾವುದು ಎನ್ನುವುದು ಮುಖ್ಯ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ನೀವು ಉಂಡಿದ್ದೀರೋ ಇಲ್ಲವೋ ಅವು ನೋಡುವುದಿಲ್ಲ, ಮೈಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಅದರ ಮೇಲೆ ಬೆಳಗ್ಗೆ ಖಾಲಿ ಹೊಟ್ಟೆಗೆ ಪೊಡಪತ್ರಿ ಕಷಾಯವೋ ಹಾಗಲಕಾಯಿ ರಸವೋ ಬಿದ್ದರೆ ಎರಡೂ ಸೇರಿ ಎಳೆಯುತ್ತವೆ. ಪಟ್ಟಿಯ ಹಿಂದೆ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ, ಮಕ್ಕಳಿಂದ ಓದಿಸಿ. ಎರಡು ಔಷಧಿ ಸೇರಿಸಿದ ಮಾತ್ರೆಯೂ ಬರುತ್ತದೆ, ಎರಡೂ ಹೆಸರು ಓದಿಸಿ.

ಶ್ರೀನಿವಾಸಪುರದ ಕಡೆ ನಮ್ಮ ಪರಿಚಯದ ಹಿರಿಯರೊಬ್ಬರು ಜೂನ್ ತಿಂಗಳಲ್ಲಿ ಮಾವು ಇಳಿಸುತ್ತಿದ್ದರು. ಬೆಳಗ್ಗೆ ಮಾತ್ರೆ ಆಯಿತು, ಎಲೆಯ ಕಷಾಯ ಆಯಿತು. ಲಾರಿ ಬಂದು ನಿಂತಿದೆ ಎಂಬ ಗಡಿಬಿಡಿಯಲ್ಲಿ ತಿಂಡಿ ಆಗಲಿಲ್ಲ. ಹನ್ನೊಂದು ಗಂಟೆಗೆ ಮರದ ಕೆಳಗೆ ಕೂತರು. ಮೈಯೆಲ್ಲ ಬೆವರು, ಕೈ ನಡುಕ, ಕೇಳಿದ್ದಕ್ಕೆ ಉತ್ತರ ಒಂದಕ್ಕೊಂದು ಸಂಬಂಧವಿಲ್ಲ. ಆಳುಗಳು ಬಿಸಿಲು ಹೊಡೆದಿದೆ ಎಂದು ನೀರು ಕುಡಿಸಿ ಗಾಳಿ ಬೀಸಿದರು. ಬುತ್ತಿ ತಂದ ಸೊಸೆಗೆ ಅನುಮಾನ ಬಂದು ಸಕ್ಕರೆ ನೀರು ಕುಡಿಸಿದರು. ಆಮೇಲೆ ಆಸ್ಪತ್ರೆ. ಬೇರೆ ಏನಾದರೂ ತಗೋತೀರಾ ಎಂದು ಡಾಕ್ಟರು ಎರಡು ಸಲ ಕೇಳಿದರೂ ಇವರು ಇಲ್ಲ ಅಂದರು. ಹೇಳಿದ್ದು ಅವರ ಮನೆಯವರು. ಆ ಮಾತ್ರೆಯ ಪರಿಣಾಮ ಬೇಗ ಬಿಡುವುದಿಲ್ಲ, ಏರಿದ ಸಕ್ಕರೆ ಮತ್ತೆ ಕುಸಿಯಬಹುದು ಎಂದು ಒಂದು ರಾತ್ರಿ ಅಲ್ಲೇ ಇಟ್ಟುಕೊಂಡರು.

ಹೊಲದಲ್ಲಿ ದುಡಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಕುಸಿದಾಗ ಬರುವ ಬೆವರು, ಬಿಸಿಲಿನ ಬೆವರು, ನೋಡಲು ಒಂದೇ. ಜತೆಗೆ ನಡುಕ, ಎದೆ ಬಡಿತ, ವಿಪರೀತ ಹಸಿವು, ಕಣ್ಣು ಮಂಜು, ತೊದಲು ಮಾತು ಇದ್ದರೆ ಅದು ಬಿಸಿಲಲ್ಲ ಅಂತಲೇ ತಿಳಿಯಿರಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, ಕಾಲು ಗಂಟೆ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಊಟ ಮಾಡಿಸಿ, ಆಸ್ಪತ್ರೆಗೂ ಕರೆದೊಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಇದು ಹೊಸ ಸಂಗತಿಯಲ್ಲ. ಬ್ರಿಟನ್ನಿನಲ್ಲಿದ್ದ ಪಾಕಿಸ್ತಾನದ ಹೆಂಗಸೊಬ್ಬರಿಗೆ ಹಾಗಲಕಾಯಿ ಪಲ್ಯ ಮತ್ತು ಶುಗರ್ ಮಾತ್ರೆ ಸೇರಿ ಹೀಗೆ ಏರುಪೇರಾದ ವಿಚಾರ 1979ರಲ್ಲೇ ಅಲ್ಲಿನ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. ಹಾಗಂತ ವಾರಕ್ಕೊಮ್ಮೆ ಮಾಡುವ ಹಾಗಲಕಾಯಿ ಗೊಜ್ಜಿಗೆ ಹೆದರಬೇಕಿಲ್ಲ. ದಿನಾ ಲೋಟಗಟ್ಟಲೆ ಕುಡಿಯುವ ರಸದ ಮಾತೇ ಬೇರೆ.

ಅಮೃತಬಳ್ಳಿಯ ಜಗಳ

ಕೊರೋನಾ ಬಂದ 2020ರಲ್ಲಿ ನಮ್ಮೂರುಗಳ ಬೇಲಿಯಲ್ಲಿದ್ದ ಅಮೃತಬಳ್ಳಿ, ಅದೇ ತಿಪ್ಪತೀಗ, ಬುಡಸಮೇತ ಖಾಲಿಯಾಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಕುಡಿದ ಆರು ಜನರಿಗೆ ಲಿವರ್ ಊತ ಬಂದದ್ದನ್ನು ಬರೆದರು. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಕೊಟ್ಟರು. ಆಯುಷ್ ಮಂತ್ರಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಎಂದಿತು.

ಯಾರ ವಾದ ಸರಿ ಎಂದು ನಾವು ತೀರ್ಪು ಕೊಡಬೇಕಿಲ್ಲ. ಎರಡೂ ಕಡೆಯವರ ಮಾತಿನಿಂದ ನಮಗೆ ಬೇಕಾದ್ದು ಸಿಗುತ್ತದೆ. ಮೈತುಂಬ ಗುಳ್ಳೆಗಳಂತೆ ಗಂಟಿದ್ದು, ಕೊಯ್ದರೆ ಹಾಲಿನಂಥ ರಸ ಒಸರುವ ಬಳ್ಳಿ ಅಮೃತಬಳ್ಳಿಯಲ್ಲ, ಮುಟ್ಟಬೇಡಿ. ಮೊದಲೇ ಲಿವರ್ ತೊಂದರೆ ಇರುವವರು, ಮೂತ್ರಪಿಂಡ ಕಸಿಯಾದವರು, ಕೀಲುವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ನಿಜವಾದ ಅಮೃತಬಳ್ಳಿಯನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಇದು ನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ, ಆ ಮಾತ್ರೆ ಅದನ್ನು ಅಡಗಿಸುವುದು. ಯಾವುದೇ ಸೊಪ್ಪು, ಪುಡಿ ತೆಗೆದುಕೊಳ್ಳುವಾಗ ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. “ಕಾಮಾಲೆ ಬಂತು” ಎಂದು ಇನ್ನೊಂದು ಸೊಪ್ಪು ಹುಡುಕಿಕೊಂಡು ಹೋಗುವುದು ಬೇಡ.

ಗ್ರಂಥಿಗೆ ಅಂಗಡಿಯ ಸಾಮಾನು

ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವ ಜೇಷ್ಠಮಧು ಒಂದೆರಡು ದಿನಕ್ಕೆ ಸರಿ. ವಾರಗಟ್ಟಲೆ ತಿಂದರೆ ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಬಿಪಿಗೆ ಅಥವಾ ಕಾಲೂತಕ್ಕೆ ನೀರು ಹೋಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಮೊದಲೇ ಪೊಟ್ಯಾಸಿಯಂ ಕಡಿಮೆಯಾಗುತ್ತಿರುತ್ತದೆ. ಎರಡೂ ಸೇರಿದರೆ ಸ್ನಾಯು ಸೋಲುತ್ತದೆ, ಎದೆಬಡಿತದ ತಾಳ ತಪ್ಪುತ್ತದೆ.

ಅಶ್ವಗಂಧ, ನಮ್ಮ ಹಿರೇಮದ್ದಿನ ಬೇರು, ಥೈರಾಯ್ಡ್ ಗ್ರಂಥಿಯನ್ನು ಚುರುಕು ಮಾಡಬಹುದು. ಥೈರಾಯ್ಡ್ ಮಾತ್ರೆ ನುಂಗುವ ಹೆಣ್ಣುಮಕ್ಕಳು ಇದನ್ನು ಶಕ್ತಿಗೆಂದು ತಿನ್ನುವುದು ಈಗ ಸಾಮಾನ್ಯವಾಗಿದೆ. ನಿದ್ದೆ ಮಾತ್ರೆಯ ಜತೆ ಸೇರಿದರೆ ಮಂಪರು ಹೆಚ್ಚುತ್ತದೆ. ಬಸುರಿಯರಿಗಂತೂ ಬೇಡವೇ ಬೇಡ. 2023ರಲ್ಲಿ ಡೆನ್ಮಾರ್ಕ್ ದೇಶ ಇದರ ಮಾರಾಟವನ್ನೇ ನಿಷೇಧಿಸಿತು. ಅಷ್ಟು ದೂರ ಹೋಗಬೇಕೇ ಎಂದು ನನಗೂ ಅನ್ನಿಸುತ್ತದೆ. ಆದರೆ ಹಾಲಿಗೆ ಬೆರೆಸುವ ಟಾನಿಕ್ಕಿನ ಹಾಗೆ ಮನೆಮಂದಿಗೆಲ್ಲ ಒಂದೊಂದು ಚಮಚ ಹಂಚುವುದೂ ಸರಿಯಲ್ಲ.

ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಲು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುತ್ತಾರೆ. ಕವಾಟ ಬದಲಿಸಿಕೊಂಡವರಿಗೆ ವಾರ್ಫರಿನ್ ಇರುತ್ತದೆ. ಸಾರಿನ ಬೆಳ್ಳುಳ್ಳಿ, ಒಗ್ಗರಣೆಯ ಅರಿಶಿನ ಇವರಿಗೆ ತೊಂದರೆ ಮಾಡುವುದಿಲ್ಲ. ಬೆಳ್ಳುಳ್ಳಿ ಸತ್ವದ ಮಾತ್ರೆ, ಅರಿಶಿನದ ಕ್ಯಾಪ್ಸೂಲ್ ಮಾಡಬಹುದು. ವಸಡಿನಲ್ಲಿ, ಮೂಗಿನಲ್ಲಿ ರಕ್ತ, ಮಲ ಕಪ್ಪಗಾಗುವುದು ಅದರ ಗುರುತು. ಆಪರೇಷನ್ ಗೊತ್ತಾದವರು ಇಂಥದ್ದನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು, ಮತ್ತು ಬರುವ ಔಷಧಿ ಕೊಡುವ ಡಾಕ್ಟರಿಗೆ ಅದನ್ನು ಹೇಳಬೇಕು.

ಮೆಣಸು ಮಾಡುವ ಕೆಲಸ ಇನ್ನೂ ಸ್ವಾರಸ್ಯ. ಕರಿಮೆಣಸು, ಹಿಪ್ಪಲಿಯಲ್ಲಿರುವ ಪೈಪರಿನ್ ಎಂಬ ಅಂಶ ಬೇರೆ ಔಷಧಿಗಳನ್ನು ರಕ್ತಕ್ಕೆ ಹೆಚ್ಚು ಸೇರಿಸುತ್ತದೆ. ಜಮ್ಮುವಿನ ಸರಕಾರಿ ಸಂಶೋಧನಾಲಯದವರು ಇದೇ ಗುಣ ಹಿಡಿದು, 2010ರ ಆಸುಪಾಸಿನಲ್ಲಿ ಟಿಬಿಗೆ ಒಂದು ಔಷಧಿ ತಂದರು. 450 ಮಿಲಿಗ್ರಾಂ ರಿಫಾಂಪಿಸಿನ್ ಮಾಡುವ ಕೆಲಸವನ್ನು 10 ಮಿಲಿಗ್ರಾಂ ಪೈಪರಿನ್ ಜತೆಗೂಡಿ 200 ಮಿಲಿಗ್ರಾಂ ಮಾಡುವಂತಾಯಿತು. ವೈದ್ಯರು ಅಳತೆ ನೋಡಿ ಮಾಡಿದರೆ ಅದು ಲಾಭ. ಫಿಟ್ಸ್ ಮಾತ್ರೆ ನುಂಗುವವರು ತಾವಾಗಿಯೇ ದಿನಾ ತ್ರಿಕಟು ಚೂರ್ಣ ತಿಂದರೆ ಅದೇ ಗುಣ ಮಾತ್ರೆಯ ಪ್ರಮಾಣವನ್ನು ಅತಿಯಾಗಿಸಬಹುದು. ಇಸಬ್‌ಗೋಲ್ ಇದಕ್ಕೆ ತದ್ವಿರುದ್ಧ, ಮಾತ್ರೆಯನ್ನು ತನ್ನ ಲೋಳೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಎರಡರ ನಡುವೆ ಎರಡು ಗಂಟೆಯಾದರೂ ಬಿಡಿ.

ಹೆಸರಿಲ್ಲದ ಪೊಟ್ಟಣ

ಸಂತೆಯಲ್ಲಿ ಮಂಡಿನೋವಿಗೆ ಮಾರುವ, ಎರಡೇ ದಿನಕ್ಕೆ ನೋವು ಮಾಯ ಮಾಡುವ ಪುಡಿಗಳಿವೆ. ಇಷ್ಟು ಬೇಗ ಕೆಲಸ ಮಾಡಿದರೆ ಸಂತೋಷಪಡುವ ಬದಲು ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಮತ್ತೆ ಮತ್ತೆ ಸಿಕ್ಕಿದೆ. ಅದು ಶುಗರ್, ಬಿಪಿ ಎರಡನ್ನೂ ಏರಿಸುತ್ತದೆ, ಡಾಕ್ಟರು ಕಾರಣ ತಿಳಿಯದೆ ಮಾತ್ರೆ ಹೆಚ್ಚಿಸುತ್ತಾ ಹೋಗುತ್ತಾರೆ. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೂ ಅಪಾಯ, ವೈದ್ಯರಿಗೆ ಹೇಳಿಯೇ ಬಿಡಬೇಕು. ಲೈಸೆನ್ಸ್ ನಂಬರ್, ಬ್ಯಾಚ್, ತಯಾರಿಸಿದ ತಾರೀಖು ಇಲ್ಲದ್ದನ್ನು ಕೊಳ್ಳಬೇಡಿ. ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾನೂನಿನ ಪ್ರಕಾರ ಅಪರಾಧ.

ಈಗ ಮಾಡಬೇಕಾದ್ದು ದೊಡ್ಡದೇನಲ್ಲ. ಸೊಪ್ಪಿನ ನಂಬಿಕೆಯಲ್ಲಿ ಮಾತ್ರೆ ಬಿಡಬೇಡಿ. ಹೊಸದಾಗಿ ಸೊಪ್ಪು ಶುರು ಮಾಡುವ ಮನಸ್ಸಿದ್ದರೆ ಡಾಕ್ಟರಿಗೆ ಹೇಳಿ, ಒಂದೊಂದನ್ನೇ ಶುರು ಮಾಡಿ, ಮೊದಲ ವಾರಗಳಲ್ಲಿ ಶುಗರ್, ಬಿಪಿ ಹೆಚ್ಚು ಸಲ ನೋಡಿಸಿ. ಹೆಸರು ನೆನಪಿರದಿದ್ದರೆ ಪೊಟ್ಟಣವನ್ನೇ, ಎಲೆಯನ್ನೇ ಒಯ್ಯಿರಿ. ಆಯುರ್ವೇದ ವೈದ್ಯರ ಬಳಿ ಹೋಗುವವರು ಇಂಗ್ಲಿಷ್ ಮಾತ್ರೆಯ ಚೀಟಿಯನ್ನೂ ತೋರಿಸಿ, ಅವರಿಗೂ ಇದು ಗೊತ್ತಿರಬೇಕು. 2024ರ ಅಕ್ಟೋಬರಿನಲ್ಲಿ ಗೃಹ ಆರೋಗ್ಯ ಯೋಜನೆ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಮನೆ ಬಾಗಿಲಿಗೆ ಬಂದು ಶುಗರ್ ನೋಡುವವರಿಗೆ ಮಾತ್ರೆ ಡಬ್ಬಿಯ ಜತೆ ಆ ಹಾರ್ಲಿಕ್ಸ್ ಬಾಟಲಿಯನ್ನೂ ತೋರಿಸಿ. ಯಾವ ಔಷಧಿಯಿಂದಲೇ ತೊಂದರೆಯಾದರೂ ತಿಳಿಸಲು ಸರಕಾರದ ಉಚಿತ ಫೋನ್ ಇದೆ: 1800-180-3024.