ಕುಶಲ ಹಸ್ತಗಳ ನಾಡು

ಸಂಸ್ಕೃತದ ‘ಕುಶಲ’ ಎಂಬ ಶಬ್ದಕ್ಕೆ ಪೂರ್ವಿಕರು ಹೇಳುವ ವ್ಯುತ್ಪತ್ತಿಯು ಬಹು ರಮಣೀಯವಾದುದು. ಕುಶವೆಂದರೆ ದರ್ಭೆ. ಅದರ ಅಂಚು ಕತ್ತಿಯ ಅಲಗಿನಂತೆ ಹರಿತವಾದುದು. ಅಂಥ ಹುಲ್ಲನ್ನು ಕೈಗೆ ಗಾಯವಾಗದಂತೆ ಕೊಯ್ದು ತರಬಲ್ಲವನು ಯಾವನೋ ಅವನೇ ಕುಶಲನು. ದರ್ಭೆಯನ್ನು ಕುರಿತು ನೂರು ಗ್ರಂಥಗಳನ್ನೋದಿದವನಿಗೆ ಈ ಬಿರುದು ಸಲ್ಲದು. ಬಲ್ಲವನೊಬ್ಬನ ಪಕ್ಕದಲ್ಲಿ ನಿಂತು, ನಾಲ್ಕಾರು ಬಾರಿ ಬೆರಳು ಕೊಯ್ದುಕೊಂಡು, ಕೈಯಿಂದಲೇ ಕಲಿತವನಿಗೆ ಸಲ್ಲುವುದು. ಹೀಗೆ ಕಲಿಯಬೇಕಾದರೆ ಕಲಿಸುವ ಗುರು ಬೇಕು, ಕೊಯ್ಯಲು ಹುಲ್ಲುಗಾವಲು ಬೇಕು, ಮಗನನ್ನು ಅಲ್ಲಿಗೆ ಸಂತೋಷದಿಂದ ಕಳುಹಿಸುವ ಮನೆಯೂ ಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೌಶಲವು ಹುಟ್ಟಲಾರದು. ಒಬ್ಬ ಹುಡುಗನ ವಿಷಯದಲ್ಲಿ ಸತ್ಯವಾದ ಈ ಮಾತು ಒಂದು ಸೀಮೆಯ ವಿಷಯದಲ್ಲಿಯೂ ಅಷ್ಟೇ ಸತ್ಯವೆಂಬುದನ್ನು ನಮ್ಮ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಿದರ್ಶನವನ್ನು ದೂರದೇಶಗಳಲ್ಲಿ ಅರಸಬೇಕಾದುದಿಲ್ಲ. ಬೆಂಗಳೂರಿನ ದಂಡು ಪ್ರದೇಶವೂ ಅದರ ಪೂರ್ವಕ್ಕೆ ಹಬ್ಬಿರುವ ಹಲಸೂರು, ಸರ್ವಜ್ಞನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳೂ ಸಾಕು. ಸರ್ವಜ್ಞನಗರವು ಯಾವ ಕವಿಯ ಹೆಸರನ್ನು ಹೊತ್ತಿದೆಯೋ ಆತನ ತಾಯಿ ಕುಂಬಾರಗಿತ್ತಿಯೆಂದು ಜನರು ಹೇಳುತ್ತ ಬಂದಿದ್ದಾರೆ. 2009ರಲ್ಲಿ ಹಲಸೂರಿನ ಕೆರೆಯ ಬಳಿ ಯಾವ ತಮಿಳು ಕವಿಯ ಪ್ರತಿಮೆಯು ಅನಾವರಣಗೊಂಡಿತೋ ಆ ತಿರುವಳ್ಳುವರು ನೆಯ್ಗೆಯವರೆಂದು ಐತಿಹ್ಯವಿದೆ. ತಿಗುರಿ ಮತ್ತು ಮಗ್ಗಗಳ ಮನೆಗಳಿಂದ ಬಂದವರೆನ್ನಲಾದ ಈರ್ವರು ಮಹಾಪುರುಷರನ್ನು ನೆನೆಯುವ ಈ ಸೀಮೆಯು ಕೈಕಸಬುಗಾರರ ಸೀಮೆಯೇ ಆಗಿರುವುದು ಉಚಿತವಲ್ಲವೆ?

1809ರಲ್ಲಿ ಇಂಗ್ಲಿಷರು ಇಲ್ಲಿ ದಂಡನ್ನು ನಿಲ್ಲಿಸಿದರು. ದಂಡು ಬಂದಲ್ಲಿ ಕಮ್ಮಾರ, ಬಡಗಿ, ಗಾರೆಯವ, ದರ್ಜಿ, ಚಮ್ಮಾರರು ಬಾರದೆ ತೀರದು. ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದ ಕುಟುಂಬಗಳು ಇಲ್ಲಿ ನೆಲಸಿದವು. ಹಲಸೂರು ಕೆರೆಯ ಬಳಿ ಇಂದಿಗೂ ಇರುವ ಮದರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಶಿಲ್ಪಿದಳವು 1780ರಲ್ಲಿ ಹುಟ್ಟಿದುದು. ಸೇತುವೆ ಕಟ್ಟುವುದು, ದಾರಿ ಕಡಿಯುವುದು, ಮರಗೆಲಸ, ಕಬ್ಬಿಣದ ಕೆಲಸ ಇವನ್ನು ಹಳ್ಳಿಯ ಹುಡುಗರಿಗೆ ಕಲಿಸಿ ಅವರನ್ನು ಸಿಪಾಯಿಗಳನ್ನಾಗಿಯೂ ಕುಶಲಕರ್ಮಿಗಳನ್ನಾಗಿಯೂ ಮಾಡುವುದು ಅದರ ಪದ್ಧತಿ. ಹೀಗೆ ದೊಡ್ಡ ಕಾರ್ಖಾನೆಗಳು ಬರುವುದಕ್ಕೆ ಬಹು ಮುಂಚೆಯೇ ಈ ನೆಲದಲ್ಲಿ ಉಳಿ ಸುತ್ತಿಗೆಗಳ ನಾದವಿತ್ತು.

ಆದರೆ ಚದುರಿದ ಕಸಬುಗಾರರು ಒಂದು ಸೀಮೆಯ ಉದ್ಯೋಗಬಲವಾಗಬೇಕಾದರೆ ಹಲವು ಕೈಗಳು ಕೂಡಬೇಕು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಇಲ್ಲಿ ಸ್ಥಾಪಿಸಿದಾಗ ನಡೆದುದು ಇದೇ. ಬಂಡವಾಳವನ್ನು ಅವರು ತಂದರು. ಮೈಸೂರು ಸಂಸ್ಥಾನವು ಭೂಮಿಯನ್ನಿತ್ತು ಬಂಡವಾಳದಲ್ಲಿಯೂ ಪಾಲುಗೊಂಡಿತು. ಯಂತ್ರವಿದ್ಯೆಯನ್ನು ಬಲ್ಲವರು ಅಮೇರಿಕೆಯಿಂದ ಬಂದರು. ಮರುವರ್ಷವೇ ಇಲ್ಲಿ ಜೋಡಿಸಿದ ಮೊದಲ ವಿಮಾನವು ಹಾರಿತು. ಜಮ್‌ಶೆಟ್‌ಜೀ ತಾತಾರವರ ದಾನ, ಮೈಸೂರು ಮಹಾರಾಜರ ಭೂಮಿ, ಹಿಂದೂದೇಶದ ಸರ್ಕಾರದ ಧನಸಹಾಯ ಈ ಮೂರರಿಂದ 1909ರಲ್ಲಿ ಸ್ಥಾಪಿತವಾಗಿದ್ದ ವಿಜ್ಞಾನಮಂದಿರವು 1942ರಲ್ಲಿ ವಿಮಾನಶಾಸ್ತ್ರದ ವಿಭಾಗವನ್ನು ತೆರೆಯಿತು. ಕಾರ್ಖಾನೆಗೂ ವಿದ್ಯಾಪೀಠಕ್ಕೂ ಕೊಡುಕೊಳೆ ಬೆಳೆಯಿತು. 1951ರಲ್ಲಿ ಡಾಕ್ಟರ್ ಘಾಟ್ಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.–2 ಎಂಬ ತರಬೇತಿ ವಿಮಾನವು ಆಕಾಶಕ್ಕೇರಿದಾಗ, ಅದರ ತಗಡು ಬಗ್ಗಿಸಿ ರಿವೆಟ್ಟು ಬಡಿದ ಕೈಗಳು ನಮ್ಮ ನೆರೆಹೊರೆಯವರವೇ ಆಗಿದ್ದವು.

ಇದೇ ಕಾಲದಲ್ಲಿ, 1943ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ತಾವು ಮುಟ್ಟದೆ, ತರುಣರಿಗೆ ಕಸಬು ಕಲಿಸುವ ಶಾಲೆಗೆ ವಿನಿಯೋಗಿಸಿದರು. ಅದಕ್ಕೆ ತಮ್ಮ ಹೆಸರನ್ನಿಡಗೊಡದೆ ಮಹಾರಾಜರ ಹೆಸರನ್ನಿಡಿಸಿದರು. ಅದೇ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇಂದು ಪಾಲಿಟೆಕ್ನಿಕ್ ಎಂಬ ಹೆಸರಿನಿಂದ ನಡೆಯುತ್ತಿದೆ. ಎಂಜಿನಿಯರರನ್ನು ತಯಾರಿಸುವ ಕಾಲೇಜನ್ನು 1917ರಲ್ಲಿಯೇ ತೆರೆಯಿಸಿದ್ದ ಆ ದೂರದರ್ಶಿಗೆ, ಎಂಜಿನಿಯರನ ನಕ್ಷೆಯನ್ನು ವಸ್ತುವಾಗಿಸುವ ಕೈಗಳೂ ಬೇಕೆಂಬುದು ತಿಳಿದಿತ್ತು.

1948ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನು ಕಾರ್ಖಾನೆಯು ಬಂದಿತು. ಇಂಗ್ಲೆಂಡಿನ ಲಿವರ್‌ಪೂಲಿನ ಕಂಪೆನಿಯೊಂದರ ವಿದ್ಯೆಯೂ ಭಾರತ ಸರ್ಕಾರದ ಧನವೂ ಮೈಸೂರಿನ ಸಹಾಯವೂ ಇಲ್ಲಿ ಕೂಡಿದವು. ‘ದೂರವಾಣಿನಗರ’ವೆಂಬ ಚೆಲುವಾದ ಹೆಸರಿನ ಬಡಾವಣೆಯೇ ಎದ್ದಿತು, ಮನೆಗಳು, ಶಾಲೆ, ಆಸ್ಪತ್ರೆಗಳು ಕಾರ್ಖಾನೆಯ ಜೊತೆಯಲ್ಲಿ ಬೆಳೆದವು. ಸ್ಟ್ರೌಜರ್ ಎಂಬ ಕ್ರಮದ ಆ ಯಂತ್ರಗಳಲ್ಲಿ ಸಣ್ಣ ಸಣ್ಣ ಚಲಿಸುವ ಭಾಗಗಳು ಅಸಂಖ್ಯಾತ. ಅವನ್ನು ಜೋಡಿಸಿ ಕೂದಲೆಳೆಯಷ್ಟು ಅಂತರವನ್ನು ಸರಿಪಡಿಸಬೇಕು. ಈ ಸೂಕ್ಷ್ಮಕಾರ್ಯಕ್ಕೆ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ನೇಮಕವಾದರು. ಹೂ ಕಟ್ಟುವ, ಕಸೂತಿ ಹಾಕುವ ಬೆರಳುಗಳು ದೇಶದ ಮಾತುಗಳನ್ನು ಹೊತ್ತೊಯ್ಯುವ ತಂತಿಗಳನ್ನು ಹೆಣೆದವು. ತಿಂಗಳ ಸಂಬಳವನ್ನು ತಾನೇ ತರುವ ಗೃಹಿಣಿಯು ಎಷ್ಟೋ ಮನೆಗಳಲ್ಲಿ ಮೊದಲು ಕಾಣಿಸಿಕೊಂಡುದು ಹೀಗೆ. ಮುಂದೆ 1956ರಲ್ಲಿ ಮೈಸೂರು ಸರ್ಕಾರವು ಜರ್ಮನಿಯ ಎ.ಇ.ಜಿ. ಎಂಬ ಸಂಸ್ಥೆಯ ಸಹಯೋಗದಿಂದ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಎಂಬ ವಿದ್ಯುದ್ಯಂತ್ರಗಳ ಕಾರ್ಖಾನೆಯನ್ನು ಸ್ಥಾಪಿಸಿತು. ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುವವರ ಒಂದು ಪೀಳಿಗೆಯೇ ಅಲ್ಲಿ ಸಿದ್ಧವಾಯಿತು.

ಇವೆಲ್ಲವುಗಳಲ್ಲಿ ಸಮಾನವಾದ ತತ್ತ್ವವೊಂದಿದೆ. ಸರ್ಕಾರವು ನೆಲವನ್ನೂ ಶಾಲೆಯನ್ನೂ ಕೊಟ್ಟಿತು. ಉದ್ಯಮವು ಯಂತ್ರವನ್ನೂ ಗುರುವನ್ನೂ ಕೊಟ್ಟಿತು. ನೆರೆಹೊರೆಯ ಸಮಾಜವು ತನ್ನ ಮಕ್ಕಳನ್ನು ಕೊಟ್ಟಿತು. ಮೂರನೆಯ ಈ ಕಾಣಿಕೆಯನ್ನು ಇತಿಹಾಸಕಾರರು ಮರೆಯುವುದುಂಟು. ನಮ್ಮ ಪ್ರಾಚೀನರು ಮರೆಯಲಿಲ್ಲ. ಶಿಲ್ಪವನ್ನು ಕಲಿಯಲು ಗುರುವಿನ ಮನೆಯಲ್ಲಿರುವ ಶಿಷ್ಯನಿಗೆ ಧರ್ಮಶಾಸ್ತ್ರಗಳಲ್ಲಿ ‘ಅಂತೇವಾಸಿ’ ಎಂದು ಹೆಸರು. ಗೊತ್ತುಮಾಡಿದ ಅವಧಿಯವರೆಗೆ ಆತನು ಗುರುಗೃಹದಲ್ಲಿಯೇ ಇರತಕ್ಕದ್ದು. ಬೇಗನೆ ಕಲಿತರೂ ಅವಧಿ ತುಂಬುವ ತನಕ ತನ್ನ ಕೆಲಸದ ಫಲವನ್ನು ಗುರುವಿಗೆ ಸಲ್ಲಿಸತಕ್ಕದ್ದು. ಗುರುವು ಅನ್ನವಿಕ್ಕತಕ್ಕದ್ದು ಎಂಬುದು ಯಾಜ್ಞವಲ್ಕ್ಯರ ಮತ. ಶಿಷ್ಯನನ್ನು ಮಗನಂತೆ ಕಾಣಬೇಕು, ಕಲಿಸಬೇಕಾದ ಕೆಲಸವನ್ನು ಬಿಟ್ಟು ಬೇರೆ ಚಾಕರಿಯನ್ನು ಮಾಡಿಸಬಾರದು ಎಂದು ನಾರದಸ್ಮೃತಿಯು ವಿಧಿಸುತ್ತದೆ. ಮನೆಯವರ ಒಪ್ಪಿಗೆಯನ್ನು ಪಡೆದೇ ಬಾಲಕನು ಗುರುವಿನ ಬಳಿಗೆ ಹೋಗಬೇಕೆಂಬುದನ್ನೂ ಅದು ಹೇಳದೆ ಬಿಟ್ಟಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯನ್ನು ಓದಿದವರಿಗೆ ಈ ಭಾವವೇ ಹೊಸ ವೇಷದಲ್ಲಿ ಕಾಣುವುದು. ಮಾಲೀಕನಿಗೂ ಕಲಿಯುವವನಿಗೂ ಕರಾರುಪತ್ರವಾಗಬೇಕು. ಕಲಿಯುವವನು ಅಪ್ರಾಪ್ತವಯಸ್ಕನಾದರೆ ಅವನ ಪೋಷಕರು ಒಪ್ಪಂದ ಮಾಡಿಕೊಳ್ಳಬೇಕು. ಕಲಿಯುವ ಕಾಲದಲ್ಲಿ ವೇತನವೊಂದು ಸಲ್ಲಬೇಕು. ಪೋಷಕರ ಆ ಸಹಿಯಲ್ಲಿ ಮನೆಯೂ ಪಾಲುದಾರನೆಂಬ ತತ್ತ್ವವು ಅಡಗಿದೆ.

ಆದರೆ ಕಟ್ಟಿದುದು ತಾನಾಗಿಯೇ ನಿಲ್ಲುವುದಿಲ್ಲ. ಚಲಿಸುವ ಭಾಗಗಳ ಟೆಲಿಫೋನು ಯಂತ್ರವು ಹೋಗಿ ಎಲೆಕ್ಟ್ರಾನಿಕ್ ಯಂತ್ರವು ಬಂದಾಗ, ಕೂದಲೆಳೆಯ ಅಂತರವನ್ನು ಸರಿಪಡಿಸುತ್ತಿದ್ದ ಬೆರಳುಗಳಿಗೆ ಕೆಲಸ ಕಡಮೆಯಾಯಿತು. ಪೇಟೆಯಲ್ಲಿ ಸ್ಪರ್ಧೆಯೂ ಹೆಚ್ಚಿತು. ದೂರವಾಣಿನಗರದ ಜನಸಂದಣಿಯು ವರ್ಷವರ್ಷಕ್ಕೆ ಇಳಿಯಿತು. ಎನ್.ಜಿ.ಇ.ಎಫ್. ಕಾರ್ಖಾನೆಯು 2002ರಲ್ಲಿ ಮುಚ್ಚಿಯೇ ಹೋಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಅರ್ಥವು ಆಗ ಬೈಯಪ್ಪನಹಳ್ಳಿಯ ಮನೆಗಳಿಗೆ ತಿಳಿಯಿತು. ಮಡಕೆಯೊಡೆದರೆ ಮಡಕೆ ಮಾತ್ರ ಹೋಗುತ್ತದೆ. ಕಾರ್ಖಾನೆ ಮುಚ್ಚಿದರೆ ತಂದೆಯು ಮಗನಿಗೆ ಕೈಹಿಡಿದು ಕಲಿಸುವ ಜಾಗವೇ ಹೋಗುತ್ತದೆ. ಅದೇ ಬೈಯಪ್ಪನಹಳ್ಳಿಯಿಂದ 2011ರಲ್ಲಿ ನಗರದ ಮೊದಲ ಮೆಟ್ರೊ ರೈಲು ಹೊರಟಿತು. ಅದನ್ನು ನಡೆಯಿಸಲೂ ದುರಸ್ತಿ ಮಾಡಲೂ ವಿದ್ಯುತ್ಕಾರರು ಬೇಕಲ್ಲವೆ? ಕೌಶಲದ ಅಗತ್ಯವು ಸಾಯಲಿಲ್ಲ, ರೂಪವನ್ನು ಬದಲಿಸಿತು. ಆದುದರಿಂದ ಕಲಿತುದನ್ನು ಕಾಲಕಾಲಕ್ಕೆ ಹೊಸತುಮಾಡಿಕೊಳ್ಳುವ ಏರ್ಪಾಡೂ ಇರತಕ್ಕದ್ದು.

ಅಂಥ ಏರ್ಪಾಡುಗಳು ನಮ್ಮಲ್ಲಿ ಇಲ್ಲದೆ ಇಲ್ಲ. ಡೆನ್ಮಾರ್ಕಿನ ಸಹಾಯದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರೀ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಅನೇಕ ಊರುಗಳಿಗೆ ಹಬ್ಬಿದೆ. ಅಚ್ಚು ಮತ್ತು ಉಪಕರಣಗಳ ತಯಾರಿಕೆಯನ್ನು ಮೂರು ವರ್ಷ ಕಲಿತು, ನಾಲ್ಕನೆಯ ವರ್ಷವನ್ನು ಕಾರ್ಖಾನೆಯಲ್ಲಿಯೇ ಕಳೆಯುವುದು ಅಲ್ಲಿಯ ಡಿಪ್ಲೊಮಾದ ಕ್ರಮ. ರಾಜ್ಯದ 150 ಸರ್ಕಾರೀ ಐ.ಟಿ.ಐ.ಗಳು ಟಾಟಾ ಟೆಕ್ನಾಲಜೀಸ್ ಮೊದಲಾದ ಉದ್ಯಮಗಳ ಸಹಭಾಗಿತ್ವದಿಂದ ನವೀನ ಯಂತ್ರಗಳನ್ನು ಪಡೆದು 2022ರಲ್ಲಿ ಲೋಕಾರ್ಪಿತವಾದುವು. ಶಿವಾಜಿನಗರದ ಓಣಿಗಳಲ್ಲಿ ಹಳೆಯ ಮೋಟಾರುಗಳನ್ನು ಬಿಚ್ಚಿ ಜೋಡಿಸುತ್ತ ಕಣ್ಣಿನಿಂದಲೇ ಕಲಿತವರು ಎಷ್ಟೋ ಮಂದಿಯಿರುವರು; ಅವರ ಕೈಯಲ್ಲಿ ವಿದ್ಯೆಯುಂಟು, ಕಾಗದವಿಲ್ಲ. 2015ರಲ್ಲಿ ಮೊದಲಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಂಥವರನ್ನು ಪರೀಕ್ಷಿಸಿ ಪ್ರಮಾಣಪತ್ರವನ್ನು ಕೊಡುವ ವಿಧಾನವನ್ನೂ ಸೇರಿಸಲಾಯಿತು.

ಹಾಗಾದರೆ ಕೊರತೆಯೆಲ್ಲಿ? ನಮ್ಮ ಮನೆಗಳಲ್ಲಿಯೇ ಎಂದು ನಿಸ್ಸಂಕೋಚವಾಗಿ ಹೇಳುವೆವು. ಐ.ಟಿ.ಐ. ಎಂಬ ಮೂರಕ್ಷರಗಳಿಗೆ ನಮ್ಮ ಪೂರ್ವ ಬೆಂಗಳೂರಿನಲ್ಲಿ ಎರಡರ್ಥ. ಟೆಲಿಫೋನು ಕಾರ್ಖಾನೆಯೆಂಬ ಅರ್ಥದಲ್ಲಿ ಅದನ್ನು ಜನರು ಹೆಮ್ಮೆಯಿಂದ ಉಚ್ಚರಿಸುತ್ತಿದ್ದರು. ಕಸಬಿನ ಶಾಲೆಯೆಂಬ ಅರ್ಥ ಬಂದಾಗ ಧ್ವನಿಯು ತಗ್ಗುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನಗಳಲ್ಲಿ, ‘ಏನು ಮಾಡುವುದು, ಅಲ್ಲಿಗೇ ಸೇರಿಸಿದೆವು’ ಎಂದು ತಪ್ಪೊಪ್ಪಿಕೊಳ್ಳುವವರಂತೆ ನುಡಿದ ತಾಯಿತಂದೆಗಳನ್ನು ಉಪಾಧ್ಯಾಯವೃತ್ತಿಯಲ್ಲಿ ನಾವು ಪ್ರತಿವರ್ಷವೂ ಕಂಡೆವು. ಆ ಮಾತು ಪಕ್ಕದಲ್ಲಿ ನಿಂತಿರುವ ಹುಡುಗನ ಕಿವಿಗೆ ಬೀಳುತ್ತದೆ. ತನ್ನ ವಿದ್ಯೆಯು ಸೋತವರ ವಿದ್ಯೆಯೆಂದು ನಂಬಿದವನು ಅದರಲ್ಲಿ ನಿಪುಣನಾಗುವನೆ? ಸರ್ಕಾರವು ಕೋಟಿಗಟ್ಟಲೆ ರೂಪಾಯಿಯ ಯಂತ್ರವನ್ನಿಟ್ಟರೂ ಉದ್ಯಮವು ಗುರುಗಳನ್ನು ಕಳುಹಿಸಿದರೂ, ಮನೆಯ ಈ ಒಂದು ಮಾತು ಅದೆಲ್ಲವನ್ನೂ ನಿಷ್ಫಲವಾಗಿಸಬಲ್ಲದು. ದೊಣ್ಣೆಯು ಯಾವಾಗಲೂ ಹೊರಗಿನಿಂದಲೇ ಬರಬೇಕೆಂದಿಲ್ಲ.

ಆದಕಾರಣ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಗಳು ಇವು. ಮಗನನ್ನಾಗಲಿ ಮಗಳನ್ನಾಗಲಿ ಕಸಬಿನ ಶಾಲೆಗೆ ಸೇರಿಸುವ ಮುನ್ನ ನೀವೇ ಅಲ್ಲಿಗೆ ಹೋಗಿ, ಕಟ್ಟಡಕ್ಕಿಂತ ಮೊದಲು ಯಂತ್ರಶಾಲೆಯನ್ನು ನೋಡಿರಿ: ಯಂತ್ರಗಳ ಮೇಲೆ ಎಣ್ಣೆಯ ಜಿಡ್ಡಿದೆಯೆ, ಧೂಳಿದೆಯೆ? ಜಿಡ್ಡಿದ್ದರೆ ಕೆಲಸ ನಡೆಯುತ್ತಿದೆಯೆಂದರ್ಥ. ಅಲ್ಲಿಯ ಪ್ರಮಾಣಪತ್ರಕ್ಕೆ ರಾಷ್ಟ್ರೀಯ ಮಾನ್ಯತೆಯಿದೆಯೇ, ಯಾವ ಕಾರ್ಖಾನೆಗಳೊಡನೆ ಸಂಬಂಧವಿದೆ ಎಂದು ವಿಚಾರಿಸಿರಿ. ಅಪ್ರೆಂಟಿಸ್ ಕರಾರಿಗೆ ಸಹಿ ಹಾಕುವಾಗ ಅವಧಿಯನ್ನೂ ವೇತನವನ್ನೂ ಓದಿಸಿ ತಿಳಿದುಕೊಳ್ಳಿರಿ. ಹೆಣ್ಣುಮಕ್ಕಳನ್ನು ಹೊಲಿಗೆಗೆ ಮಾತ್ರ ಮೀಸಲಿಡಬೇಡಿರಿ. ದೂರವಾಣಿನಗರದ ಹೆಂಗಸರು ದಾರಿ ತೋರಿ ಬಹುಕಾಲವಾಯಿತು. ಬಡಾವಣೆಯ ದೇವಸ್ಥಾನ, ಮಸೀದಿ, ಇಗರ್ಜಿ, ಸಂಘಗಳ ಹಿರಿಯರು ಪದವೀಧರರಿಗೆ ಹಾರ ಹಾಕುವ ವೇದಿಕೆಯಲ್ಲಿಯೇ ಕಸಬು ಮುಗಿಸಿದವರನ್ನೂ ಕರೆದು ಒಂದೊಂದು ಉಪಕರಣದ ಪೆಟ್ಟಿಗೆಯನ್ನು ಕೊಡಲಿ. ನಿವೃತ್ತರಾದ ಫಿಟ್ಟರು, ಟರ್ನರುಗಳು ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಭಾನುವಾರದ ಎರಡು ಗಂಟೆಗಳನ್ನು ಅವರು ಮಕ್ಕಳಿಗೆ ಕೊಟ್ಟರೆ ಕಾರ್ಖಾನೆಗಳು ಕಲಿಸಿದ ವಿದ್ಯೆಯು ಅವರೊಡನೆಯೇ ಮುಗಿಯದು.

ಭೂಮಿಯು ಸಿಕ್ಕಿತು, ಧನವು ಬಂದಿತು, ಯಂತ್ರವು ಸಮುದ್ರವನ್ನು ದಾಟಿ ಬಂದಿತು. ಈ ಸೀಮೆಯ ಕೀರ್ತಿಯನ್ನು ಬೆಳೆಸಿದುದು ಮಾತ್ರ, ಮಗನ ಎಣ್ಣೆಜಿಡ್ಡಿನ ಅಂಗಿಯನ್ನು ನಾಚಿಕೆಯಿಲ್ಲದೆ ಅಂಗಳದಲ್ಲಿ ಒಣಗಹಾಕಿದ ತಾಯಂದಿರು. ಅಂಥ ಮನೆಗಳು ಹೆಚ್ಚಲಿ. ಕುಶವನ್ನು ಕೊಯ್ಯಬಲ್ಲ ಕೈಗಳಿಗೆ ನಮ್ಮ ನಾಡಿನಲ್ಲಿ ಕೊರತೆಯಾಗದಿರಲಿ.