ನಾಯಿಯು ಒಡೆಯನನ್ನು ನೆಕ್ಕುವುದೇಕೆ?

ಮನೆಯ ಯಜಮಾನನು ಹೊಸ್ತಿಲು ತುಳಿದೊಡನೆ ಸಾಕುನಾಯಿಯು ಓಡಿಬಂದು ಅವನ ಕೈಯನ್ನೂ, ಎಟುಕಿದರೆ ಮುಖವನ್ನೂ ನೆಕ್ಕುವುದನ್ನು ಕಾಣದವರಾರು? ನಾವು ಅದನ್ನು ಪ್ರೀತಿಯ ಮುತ್ತೆಂದು ಭಾವಿಸುತ್ತೇವೆ. ಆದರೆ ಪ್ರಾಣಿಯ ನಡೆಗೆ ಮನುಷ್ಯನ ಅರ್ಥವನ್ನು ಹಚ್ಚುವ ಮುನ್ನ ಅದರ ಮೂಲವನ್ನು ವಿಚಾರಿಸುವುದು ಉಚಿತ.

ಬೆವರಿನ ಉಪ್ಪಿಗಾಗಿ ನೆಕ್ಕುತ್ತದೆಂಬುದು ವಾಡಿಕೆಯ ಉತ್ತರ. ಚರ್ಮದ ರುಚಿಯೂ ವಾಸನೆಯೂ ನಾಯಿಯನ್ನು ಸೆಳೆಯಬಹುದು, ನಿಜ. ಆದರೆ ಉಪ್ಪೊಂದೇ ಕಾರಣವಾಗಿದ್ದಲ್ಲಿ, ದಿನವೆಲ್ಲ ಜತೆಯಲ್ಲಿದ್ದವರನ್ನು ಬಿಟ್ಟು ಆಗತಾನೆ ಬಂದವನ ಬಾಯಿಯ ಬಳಿಗೇ ಅದು ಮೂತಿಯನ್ನೊಡ್ಡುವುದೇಕೆ?

ಇದಕ್ಕೆ ಉತ್ತರವು ತೋಳಗಳ ಗವಿಯಲ್ಲಿ ದೊರೆಯುತ್ತದೆ. ನಾಯಿಯು ತೋಳದ ಸಂತತಿಯಿಂದ ಬಂದ ಪ್ರಾಣಿಯಷ್ಟೆ. ಬೇಟೆಯಿಂದ ಮರಳಿದ ಹಿರಿಯ ತೋಳದ ಬಾಯಂಚನ್ನು ಮರಿಗಳು ನೆಕ್ಕುತ್ತವೆ. ಆ ಸ್ಪರ್ಶದಿಂದ ಪ್ರಚೋದಿತವಾದ ತೋಳವು ನುಂಗಿತಂದ ಮಾಂಸವನ್ನು ಕಕ್ಕಿ ಅವುಗಳಿಗೆ ಉಣಿಸುತ್ತದೆ. ಮರಿಗಳು ಬೆಳೆದು ತಾವೇ ಬೇಟೆಯಾಡತೊಡಗಿದ ಮೇಲೂ ಈ ನಡೆಯು ಅಳಿಯದೆ, ಹಿರಿಯರಿಗೆ ಸಲ್ಲಿಸುವ ವಂದನೆಯಾಗಿ ಉಳಿಯುತ್ತದೆ. ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಶೆಂಕೆಲ್ ಅವರು 1967ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವಿಶದಪಡಿಸಿದರು. ಕಿವಿಗಳನ್ನು ಹಿಂದಕ್ಕೊತ್ತಿ, ಮೈಯನ್ನು ತಗ್ಗಿಸಿ, ಬಾಲವನ್ನಾಡಿಸುತ್ತ ನೆಕ್ಕುವ ನಮ್ಮ ನಾಯಿಯಲ್ಲಿ ಕಾಣುವುದೂ ಅದೇ ವಂದನೆ. ನಾವು ಮೆಚ್ಚಿ ಮೈದಡವಿದಾಗ ಆ ಅಭ್ಯಾಸವು ಮತ್ತಷ್ಟು ಬಲಿಯುತ್ತದೆ. ಅನ್ನದ ಬೇಡಿಕೆಯಾಗಿ ಹುಟ್ಟಿದ್ದು ಹೀಗೆ ಸ್ನೇಹದ ಭಾಷೆಯಾಗಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಹುಚ್ಚುನಾಯಿಯ ರೋಗವೆನಿಸಿದ ರೇಬೀಸ್ ಕಚ್ಚಿದರೆ ಮಾತ್ರ ತಗಲುವುದೆಂದು ಹಲವರು ನಂಬಿರುತ್ತಾರೆ. ರೋಗತಗಲಿದ ನಾಯಿಯ ಜೊಲ್ಲಿನಲ್ಲಿಯೇ ಅದರ ವೈರಸ್ಸು ಇರುತ್ತದೆ. ಗಾಯವಿಲ್ಲದ ಚರ್ಮವನ್ನು ದಾಟಿ ಅದು ಒಳಸೇರಲಾರದು. ಆದರೆ ಗಾಯ, ಕಣ್ಣು, ಬಾಯಿಗಳ ಮೂಲಕ ಸೇರಬಲ್ಲುದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು, ಶಂಕಿತ ಪ್ರಾಣಿಯು ಗಾಯವನ್ನು ನೆಕ್ಕುವುದನ್ನು ಚರ್ಮವನ್ನು ಸೀಳಿದ ಕಡಿತದೊಡನೆ ಅತಿ ಅಪಾಯದ 3ನೆಯ ವರ್ಗದಲ್ಲಿ ಸೇರಿಸಿದೆ. ಅಂತಹ ಸಂದರ್ಭದಲ್ಲಿ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು. ಸಕಾಲದ ಚಿಕಿತ್ಸೆಯು ರೋಗವನ್ನು ತಡೆಯುತ್ತದೆ. ಲಕ್ಷಣಗಳು ತೋರಿದ ಬಳಿಕ ಬದುಕಿ ಉಳಿದವರು ತೀರ ವಿರಳ.

ನಾಯಿಯು ಒಲಿದು ಬಂದಾಗ ಕೈಯನ್ನು ನೀಡಬಹುದು. ಮುಖವನ್ನೂ ಗಾಯವನ್ನೂ ದೂರವಿಡುವುದೇ ಲೇಸು. ಅದು ನಮ್ಮನ್ನು ತನ್ನ ಹಿರಿಯರೆಂದು ಬಗೆದಿರುವಾಗ, ಕಾಲಕಾಲಕ್ಕೆ ಅದಕ್ಕೆ ಲಸಿಕೆ ಹಾಕಿಸುವ ಹಿರಿತನವು ನಮ್ಮಲ್ಲಿರಬೇಡವೆ?